ಫ್ರೆಂಚ್ ಗೌಡರ ವಕೀಲರು

ಲಿಫ್ಟಿನಲ್ಲಿ ಮೊದಲ ಸಲ ಎದುರಾದಾಗ ಅವರು ನನ್ನ ಹೆಸರು ಕೇಳಲಿಲ್ಲ. ಊರು ಕೇಳಲಿಲ್ಲ, ಗಂಡ ಯಾವ ಕಂಪನಿ ಎಂದು ಕೇಳಲಿಲ್ಲ, ಕಾಯಂ ವಾಸದ ಪಿಆರ್ ಸಿಕ್ಕಿತೇ ಎಂದೂ ಕೇಳಲಿಲ್ಲ. ಸಿಂಗಪುರದಲ್ಲಿ ಕನ್ನಡದವರು ಕನ್ನಡದವರನ್ನು ಕಂಡರೆ ಕೇಳಲೇಬೇಕಾದ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು, ಕೈಯಲ್ಲಿದ್ದ ಕೊತ್ತಂಬರಿ ಸೊಪ್ಪಿನ ಚೀಲವನ್ನು ಎದೆಗೆ ಒತ್ತಿಕೊಂಡು, "ನಿಮಗ ಫ್ರೆಂಚ್ ಬರ್ತೈತಂತಲ್ಲರೀ, ಖರೇನು?" ಎಂದರು.

ಹೌದು, ತಂಜಾಂಗ್ ಪಗಾರಿನಲ್ಲಿ ಒಂದು ಫ್ರೆಂಚ್ ವಿಮಾ ಕಂಪನಿಯ ಆಫೀಸಿನಲ್ಲಿ ಇದ್ದೇನೆ, ಕೆಲಸಕ್ಕೆ ಬೇಕಾದಷ್ಟು ಬರುತ್ತದೆ ಎಂದೆ. ಅಷ್ಟರಲ್ಲಿ ನನ್ನ ಮಹಡಿ ಬಂತು. "ಹಂಗಾರ ಇಳೀಬ್ಯಾಡ್ರಿ" ಎಂದು ಅವರು ಬಾಗಿಲು ಮುಚ್ಚುವ ಬಟನ್ ಒತ್ತಿಯೇಬಿಟ್ಟರು. ನಾನು ಇಳಿಯಲಿಲ್ಲ. ಮೈಸೂರಿನವಳು, ಹಿರಿಯರಿಗೆ ಎದುರಾಡಿ ಅಭ್ಯಾಸವಿಲ್ಲ. ಅವರ ಮನೆ ಬಾಗಿಲಲ್ಲಿ ಆಂಟಿ ನನ್ನನ್ನು ನೋಡಿ, ಗಂಡನ ಮುಖ ನೋಡಿ, ಒಂದು ಕ್ಷಣದಲ್ಲಿ ಎಲ್ಲ ಅರ್ಥಮಾಡಿಕೊಂಡು, "ಸಿಕ್ಕಿಬಿದ್ದಿ ನೋಡವಾ. ಬಾ, ಚಾ ಕುಡಿ, ಹೊತ್ತಾಗ್ತೈತಿ ನಿನಗ" ಎಂದರು.

ಹೊತ್ತಾಯಿತು, ನಿಜ. ಆ ಚಹಾ ಆರು ವರ್ಷ ನಡೆಯಿತು. ಲಿಫ್ಟಿನ ಆ ಹಿರಿಯರು ತೀರಿಹೋಗಿ ಈಗ ಒಂದೂವರೆ ತಿಂಗಳು. ಅವರ ಬಗ್ಗೆ ಏನಾದರೂ ಬರೆಯುತ್ತೇನೆ ಎಂದಾಗ ಆಂಟಿ ಹಾಕಿದ ಷರತ್ತು ಒಂದೇ: "ಹೆಸರು ಹಾಕಬ್ಯಾಡ. ಮೊದಲೇ ಉಬ್ಬೋ ಮನಶ್ಯಾ, ಅಲ್ಲೂ ಉಬ್ಬತಾರ." ಹಾಗಾಗಿ ಹೆಸರಿಲ್ಲ. ನಾನಂತೂ ಅವರನ್ನು ಹೆಸರಿಟ್ಟು ಕರೆದದ್ದೇ ಇಲ್ಲ. ನಮ್ಮ ಬ್ಲಾಕಿನವರಿಗೆಲ್ಲ ಅವರು ಅಂಕಲ್.

ಅಂಕಲ್ ಬಾಗಲಕೋಟೆ ಕಡೆಯವರು. ಸೆಂಬವಾಂಗಿನ ಹಡಗುಕಟ್ಟೆಯಲ್ಲಿ ಪೇಂಟ್ ಇನ್‌ಸ್ಪೆಕ್ಟರ್ ಆಗಿದ್ದವರು. ರಿಪೇರಿಗೆ ಬಂದ ಹಡಗಿನ ಹೊಟ್ಟೆಗೆ ಬಳಿದ ಬಣ್ಣ ಸರಿಯಾಗಿ ಕೂತಿದೆಯೇ ಎಂದು ನೋಡಿ, ಸಹಿ ಹಾಕಿ, ಸಮುದ್ರಕ್ಕೆ ಬಿಡುವುದು ಅವರ ಕೆಲಸ. ರಿಟೈರ್ ಆದಮೇಲೂ ಬಲಗೈ ಹೆಬ್ಬೆರಳು ರಿಟೈರ್ ಆಗಿರಲಿಲ್ಲ. ಬಣ್ಣ ಹಚ್ಚಿದ ಯಾವ ವಸ್ತು ಕಂಡರೂ ಉಗುರಿನಿಂದ ಮೆಲ್ಲಗೆ ಕೆರೆದು ನೋಡಬೇಕು. ನಮ್ಮ ಮನೆಗೆ ಮೊದಲ ಸಲ ಬಂದಾಗ ಕಾಫಿ ಮುಟ್ಟುವ ಮೊದಲು ಕಿಟಕಿಯ ಗ್ರಿಲ್ ಕೆರೆದು, "ಎರಡು ಕೋಟ್ ಹೊಡದಾರ. ಕೆಳಗಿಂದು ಒಣಗೂದ್ರಾಗ ಮ್ಯಾಲಿಂದು ಬಳದಾರ. ಗಡಿಬಿಡಿ ಮಂದಿ" ಎಂದು ತೀರ್ಪು ಕೊಟ್ಟರು. ಸಭೆ ಸಮಾರಂಭಗಳಲ್ಲಿ ಬೆಂಗಳೂರಿನವರ ನಡುವೆ ಜಾಗ್ರತೆಯಾಗಿ "ಇದೆ, ಇಲ್ಲಿಂದ, ಹೀಗೆ" ಎಂದು ಮಾತಾಡುತ್ತಿದ್ದರು. ವಿಷಯ ಫ್ರಾನ್ಸಿಗೆ ತಿರುಗಿದರೆ ಮಾತ್ರ ಎಲ್ಲ ಮರೆತು ಬಾಗಲಕೋಟೆಗೆ ಇಳಿಯುತ್ತಿದ್ದರು.

ಫ್ರಾನ್ಸ್ ಅವರಿಗೆ ಅಂಟಿಕೊಂಡದ್ದು ಒಂದು ಭಾನುವಾರ. ಯೌವನದಲ್ಲಿ ಕಂಪನಿ ಅವರನ್ನು ಹೊಸ ತರಹದ ಬಣ್ಣದ ತರಬೇತಿಗೆಂದು ಪಶ್ಚಿಮ ಫ್ರಾನ್ಸಿನ ಒಂದು ಹಡಗುಕಟ್ಟೆಗೆ ಕಳಿಸಿತ್ತು. ಭಾನುವಾರ ಅಂಗಡಿ ಬಂದ್, ಕ್ಯಾಂಟೀನ್ ಬಂದ್, ಮಾತಾಡಲು ಒಂದು ನರಪಿಳ್ಳೆ ಇಲ್ಲ. ಬೇಸರ ಹತ್ತಿ, ನಿಂತಿದ್ದ ಬಸ್ಸು ಹತ್ತಿ, ಕೊನೆಯ ಸ್ಟಾಪಿನಲ್ಲಿ ಇಳಿದರು. ಹತ್ತಿಪ್ಪತ್ತು ಮನೆ, ಬೇಲಿಯಾಚೆ ದನ, ನಡುವೆ ಒಂದು ಕಲ್ಲಿನ ಚರ್ಚು. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಕೂತು, ಕೈ ಮುಗಿದು ಹೊರಬಂದವರಿಗೆ ಏನೋ ಬಾಕಿ ಉಳಿಯಿತು ಅನ್ನಿಸಿತಂತೆ. "ಗುಡಿಗೆ ಹೋದ ಮ್ಯಾಲೆ ಸುತ್ತು ಹಾಕದ ಹೆಂಗ ಬರೂದು ತಂಗಿ?" ಎಂದು ನನ್ನನ್ನೇ ಕೇಳುತ್ತಿದ್ದರು.

ಚರ್ಚನ್ನು ಬಲಕ್ಕೆ ಇಟ್ಟುಕೊಂಡು ಪ್ರದಕ್ಷಿಣೆ ಹೊರಟರು. ಅಲ್ಲಿಯವರು ದಕ್ಷಿಣದ ಬಾಗಿಲಲ್ಲಿ ಬಂದು ದಕ್ಷಿಣದ ಬಾಗಿಲಲ್ಲೇ ಹೋಗುವವರು. ಉತ್ತರದ ಕಡೆ ಬಿಸಿಲಿಲ್ಲ, ದಾರಿಯಿಲ್ಲ, ತುರಿಕೆ ಸೊಪ್ಪು ಮೊಣಕಾಲಿನವರೆಗೆ. ಅಂಕಲ್ ಪ್ಯಾಂಟು ಮಡಚಿ ನುಗ್ಗಿದರು. ಗೋಡೆಗೆ ಹಬ್ಬಿದ ಬಳ್ಳಿಯ ಸಂದಿಯಲ್ಲಿ, ಆಳೆತ್ತರಕ್ಕಿಂತ ತುಸು ಮೇಲೆ, ಒಂದು ಕಪ್ಪು ಪಟ್ಟಿ ಕಂಡಿತು. ಪಟ್ಟಿಯ ನಡುವೆ ಮಾಸಿದ ಕೆಂಪು, ಗುರಾಣಿಯ ಆಕಾರ. ಪೇಂಟ್ ಇನ್‌ಸ್ಪೆಕ್ಟರಿಗೆ ಮೊದಲು ಬಂದ ಯೋಚನೆ, ಇಷ್ಟು ವರ್ಷ ಮಳೆ ತಿಂದು ಉಳಿದಿರುವ ಈ ಬಣ್ಣ ಯಾವ ಕಂಪನಿಯದು ಎಂದು.

ಅದು ಏನೆಂದು ಅವರಿಗೆ ತಿಳಿದದ್ದು ಆಮೇಲೆ, ಇಲ್ಲಿನ ಲೈಬ್ರರಿಯಲ್ಲಿ ಕೂತು ಓದಿ. ಆ ಕಾಲದಲ್ಲಿ ಊರಿನ ಒಡೆಯ ಸತ್ತರೆ ಅವನ ಮನೆಯವರು ಚರ್ಚಿನ ಗೋಡೆಗೆ, ಒಳಗೂ ಹೊರಗೂ, ಸುತ್ತಲೂ ಒಂದು ಕಪ್ಪು ಪಟ್ಟಿ ಬಳಿಸಿ, ಅಲ್ಲಲ್ಲಿ ಮನೆತನದ ಲಾಂಛನ ಬರೆಸುತ್ತಿದ್ದರು. ಆ ಊರಿನ ಒಡೆಯನಿಗೆ ಮಾತ್ರ ಇದ್ದ ಹಕ್ಕು. ಎಷ್ಟೇ ದುಡ್ಡಿದ್ದರೂ ಬೇರೆಯವರು ಬಳಿಸುವಂತಿಲ್ಲ.

"ನಮ್ಮ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆಸ್ತಾರಲ್ಲ, ಹಾಗಾ ಅಂಕಲ್?" ಎಂದೆ ನಾನು.

"ಅದೇ ಕಥಿ. ಅವರಿಗೆ ಟ್ಯೂಬ್‌ಲೈಟ್ ಇರಲಿಲ್ಲ, ಗೋಡಿ ಹಿಡದ್ರು" ಎಂದರು.

ಪ್ರತಿ ಶನಿವಾರ ಬೆಳಿಗ್ಗೆ ನಮ್ಮ ಬ್ಲಾಕಿನ ನೆಲಮಟ್ಟದ ತೆರೆದ ಹಜಾರವಾದ ವಾಯ್ಡ್ ಡೆಕ್‌ನಲ್ಲಿ, ಕಲ್ಲಿನ ಮೇಜಿನ ಮೇಲೆ ಇಲ್ಲಿಯವರು ಕೋಪಿ ಎನ್ನುವ ಕಾಫಿ ಎರಡು ಲೋಟ ಇಟ್ಟುಕೊಂಡು, ನಾನು ಅವರು ತಂದ, ಆ ಚರ್ಚಿನ ಚರಿತ್ರೆಯ ಫ್ರೆಂಚ್ ಹಾಳೆಗಳನ್ನು ಓದಿ ಹೇಳಬೇಕು, ಅವರು ಕೇಳಬೇಕು. ಕೇಳುತ್ತಿದ್ದರು ಎನ್ನುವುದು ಸುಳ್ಳು. ನಾನು ಅರ್ಧ ವಾಕ್ಯ ಓದುವಷ್ಟರಲ್ಲಿ ಉಳಿದ ಕಥೆಯನ್ನು ಅವರೇ ಮುಗಿಸುತ್ತಿದ್ದರು. ಆ ಒಡೆಯರಿಗೆಲ್ಲ ಅವರು ಇಟ್ಟ ಹೆಸರು ಗೌಡ್ರು. ಗುಡಿ ಕಟ್ಟಿಸಿದವನು ದೊಡ್ಡಗೌಡ. "ಇಲ್ಲಿ ನಮ್ಮ ಕಡೆ ಕಲ್ಯಾಣದ ಚಾಲುಕ್ಯರು ಗುಡಿ ಕಟ್ಟಸಾಕತ್ತಿದ್ದಾಗ ಅಲ್ಲಿ ಈ ದೊಡ್ಡಗೌಡ ಕಟ್ಟಸಾಕತ್ತಿದ್ದ. ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿಲ್ಲ ನೋಡು" ಎಂದು ಮರುಗುತ್ತಿದ್ದರು. ದೊಡ್ಡಗೌಡ ಚರ್ಚಿಗೆಂದು ಒಂದು ಗಿರಣಿ, ಒಂದಿಷ್ಟು ಹೊಲ ಬಿಟ್ಟುಕೊಟ್ಟ. ಅವನ ಮಗ ಯಾತ್ರಿಗೌಡ, ಜೆರುಸಲೇಮಿಗೆ ದಂಡೆತ್ತಿ ಹೋದವನು, ತಿರುಗಿ ಬರಲಿಲ್ಲ. ಮೊಮ್ಮಗ ಸಿಟ್ಟಿನವನು, ಅಜ್ಜ ಕೊಟ್ಟದ್ದನ್ನೆಲ್ಲ ಕಿತ್ತುಕೊಂಡ. ಪಾದ್ರಿಗಳು ಅವನನ್ನು ಧರ್ಮದಿಂದ ಹೊರಗೆ ಹಾಕಿದರು. ಅವನು ಸತ್ತಾಗ ಮಣ್ಣು ಮಾಡಲು ಬಿಡಲಿಲ್ಲ. ಹೆಣ ಪೆಟ್ಟಿಗೆಯಲ್ಲಿ ಕಾದಿತು. ಕೊನೆಗೆ ಅವನ ಹೆಂಡತಿ ಗಿರಣಿಯನ್ನು ವಾಪಸ್ ಬರೆದುಕೊಟ್ಟ ಮೇಲೆ ಗುಂಡಿ ತೋಡಿದರು.

"ನಮ್ಮ ಶಾಸನದಾಗೂ ಐತಲ್ಲ, ಕೊಟ್ಟ ದಾನ ಕಸಗೊಂಡಾವ ಹೇಲಿನ ಹುಳ ಆಗಿ ಹುಟ್ಟತಾನ ಅಂತ. ಇವರು ಅಲ್ಲೀತನ ಕಾಯಲಿಲ್ಲ, ಇಲ್ಲೇ ಮುಗಿಸಿದ್ರು" ಎಂದು ಅಂಕಲ್ ಮೇಜು ತಟ್ಟಿ ನಗುತ್ತಿದ್ದರು. ಸೈಕಲ್ ಬಿಡುತ್ತಿದ್ದ ಬ್ಲಾಕಿನ ಮಕ್ಕಳೂ ಬಂದು ನಿಲ್ಲುತ್ತಿದ್ದವು. ನನ್ನ ಮಗಳು ಒಮ್ಮೆ ಸೊಂಟದ ಮೇಲೆ ಕೈಯಿಟ್ಟು, "ಅಂಕಲ್, ಈ ಗೌಡ ವೆರಿ ಬ್ಯಾಡ್ ಲಾ" ಎಂದಳು. ಅಂಕಲ್ ಗಂಭೀರವಾಗಿ, ಅವನ ಬಾಲ್ಯ ಕಷ್ಟದ್ದಾಗಿತ್ತು, ಅಪ್ಪ ಇರಲಿಲ್ಲ ಎಂದು ಅವನ ಪರ ವಾದಿಸಿದರು. ಯಾವ ಗೌಡನನ್ನೂ ಅವರು ಬಿಟ್ಟುಕೊಡುತ್ತಿರಲಿಲ್ಲ. ಆಂಟಿ ಅವರನ್ನು ಫ್ರೆಂಚ್ ಗೌಡರ ವಕೀಲರು ಎನ್ನುತ್ತಿದ್ದರು. "ಇವರಿಗೆ ಸ್ವಂತ ಮುತ್ತಜ್ಜನ ಹೆಸರು ಕೇಳು, ಗೊತ್ತಿಲ್ಲ. ಆ ಗೌಡನ ಎರಡನೇ ಹೆಂಡ್ತಿ ತವರುಮನಿ ಕೇಳು, ದಾರಿ ಸುದ್ದಾ ಹೇಳತಾರ."

ಒಂದು ವರ್ಷ ಕನ್ನಡದವರ ಹಬ್ಬದ ಕೂಟದಲ್ಲಿ ಅವರಿಗೆ ಮಾತಾಡಲು ಸಮಯ ಕೊಟ್ಟರು. ಊಟವಾದ ಮೇಲಿನ ಹೊತ್ತು. ಬಿಸಿಬೇಳೆಬಾತು, ಹೋಳಿಗೆ ಹೊಟ್ಟೆಯಲ್ಲಿ. ಎದುರಿಗೆ ಮಧ್ಯಯುಗದ ಫ್ರಾನ್ಸ್. ಮೊದಲ ಸಾಲಿನವರೇ ತೂಕಡಿಸತೊಡಗಿದರು. ಅಂಕಲ್ ಕೈಯಲ್ಲಿದ್ದ ಹಾಳೆ ಮಡಚಿ ಜೇಬಿಗಿಟ್ಟು, "ಒಂದು ವಿಷಯ ಹೇಳಿ. ನಿಮ್ಮೂರಿನ ಗುಡಿಯಲ್ಲಿ ಮೊದಲ ಮಂಗಳಾರತಿ ಯಾರ ಮನೆಯವರಿಗೆ?" ಎಂದು ಕೇಳಿದರು. ಸಭೆ ಎದ್ದು ಕೂತಿತು. ತಮ್ಮ ಮನೆಗೇ ಎಂದು ಒಬ್ಬರು, ಅದು ಹೇಗೆ ಎಂದು ಅದೇ ಊರಿನ ಇನ್ನೊಬ್ಬರು, ತಮ್ಮ ತಾತ ಅದೇ ಕಾರಣಕ್ಕೆ ಊರು ಬಿಟ್ಟರು ಎಂದು ಮತ್ತೊಬ್ಬರು. ಸಾಫ್ಟ್‌ವೇರ್ ಮ್ಯಾನೇಜರುಗಳು ಅಷ್ಟು ಜೋರಾಗಿ ಕನ್ನಡ ಮಾತಾಡಿದ್ದನ್ನು ನಾನು ಅಲ್ಲಿಯೇ ನೋಡಿದ್ದು. ಗಲಾಟೆ ತಣ್ಣಗಾದ ಮೇಲೆ ಅಂಕಲ್ ಕಥೆ ಹೇಳಿದರು: ಆ ಚರ್ಚಿನಲ್ಲಿ ಗೌಡಿಕೆ ಇಬ್ಬರು ಅಳಿಯಂದಿರಿಗೆ ಪಾಲಾಗಿ, ತೀರ್ಥ ಮೊದಲು ಯಾರ ಮೇಲೆ ಬೀಳಬೇಕೆಂದು ಜಗಳವಾಗಿ, ಬೇಸತ್ತ ಪಾದ್ರಿ ಎರಡೂ ಕೈಯಲ್ಲಿ ಎರಡು ಕುಂಚ ಹಿಡಿದು ಎಡಕ್ಕೂ ಬಲಕ್ಕೂ ಒಟ್ಟಿಗೇ ಚಿಮುಕಿಸಿದನಂತೆ. ನಾನು ಓದಿಕೊಟ್ಟ ಯಾವ ಹಾಳೆಯಲ್ಲೂ ಈ ಎರಡು ಕುಂಚ ಇರಲಿಲ್ಲ. ಕೇಳಿದ್ದಕ್ಕೆ, "ಇರಲಿಲ್ಲ ಅಂತನೂ ಎಲ್ಲೂ ಬರದಿಲ್ಲಲ್ಲ" ಎಂದರು.

ನಗುನಗುತ್ತಲೇ ಇದ್ದ ಮನುಷ್ಯ ಕಂಗೆಟ್ಟದ್ದನ್ನು ನಾನು ನೋಡಿದ್ದು ಒಂದೇ ಸಲ. ಆ ಚರ್ಚಿನ ಗೆಳೆಯರದೊಂದು ಸಂಘವಿತ್ತು, ಅಂಕಲ್ ಅದರ ಸದಸ್ಯರು. ಸಂಘದವರು ಫೋನಿಗೆ ಒಂದು ಸುದ್ದಿ ಕಳಿಸಿದ್ದರು: ಬರುವ ವಸಂತದಲ್ಲಿ ಉತ್ತರದ ಗೋಡೆಯ ಬಳ್ಳಿ ತೆಗೆದು, ಹಳೇ ಗಾರೆ ಕೆರೆದು, ಹೊಸ ಗಾರೆ ಬಳಿಯಲಾಗುವುದು. ನಾನು ಆಫೀಸಿನಿಂದ ಬಂದು ಎಂಆರ್‌ಟಿ ರೈಲು ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಅವರು ಕೆಳಗೆ ಕಾದು ನಿಂತಿದ್ದರು. ಫೋನು ನನ್ನ ಮುಂದೆ ಹಿಡಿದರು.

"ಗೌಡ್ರ ಕೋಟಿ ಕೆಡವಿದ್ರು. ಒಳಗಿನ ಲಾಂಛನ ಕ್ರಾಂತಿ ಟೈಮಿಗೆ ಉಳಿ ಹಚ್ಚಿ ತಗದ್ರು. ಸಮಾಧಿ ಕಲ್ಲು ಒಡದ್ರು. ಆ ಗೌಡ್ರದು ಉಳದದ್ದು ಇದೊಂದು ತುಂಡು ಗೋಡಿ ತಂಗಿ. ಇದೂ ಹೋದ್ರ ಅವರು ಇದ್ರು ಅನ್ನಾಕ ಏನೂ ಇಲ್ಲ."

ಅವರ ಮಗ ಪಾಯಾ ಲೆಬಾರಿನಲ್ಲಿ ಐಟಿ ಕೆಲಸದಲ್ಲಿದ್ದವನು, ಅಂದು ರಾತ್ರಿ ಊಟಕ್ಕೆ ಕೂತಾಗ, "ಅಪ್ಪಾ, ಫ್ರೆಂಚರಿಗೇ ಬೇಡವಾದ ಗೋಡೆ ನಿಮಗ್ಯಾಕೆ?" ಎಂದ. ತಪ್ಪು ಪ್ರಶ್ನೆಯೇನಲ್ಲ, ನನ್ನ ಮನಸ್ಸಿನಲ್ಲೂ ಅದೇ ಇತ್ತು. ಅಂಕಲ್ ತಟ್ಟೆಯಲ್ಲಿದ್ದ ರೊಟ್ಟಿ ಮುರಿಯುತ್ತ ಊರ ಕಥೆ ಹೇಳಿದರು. ಅವರ ಊರಿನ ಗುಡಿಯ ಕಂಬದ ಮೇಲೆ ಹಳಗನ್ನಡದ ಬರಹವಿತ್ತು. ಜೀರ್ಣೋದ್ಧಾರ ಕಮಿಟಿ ಆಯಿತು, ಅವರ ತಂದೆಯೇ ಅಧ್ಯಕ್ಷರು. ಭಕ್ತಿಯಿಂದಲೇ, ಒಂದು ಕಲ್ಲೂ ಬಿಡದಂತೆ, ಬೆಳ್ಳಿ ಬಣ್ಣದ ಆಯಿಲ್ ಪೇಂಟ್ ಹೊಡೆಸಿದರು. ಅಕ್ಷರದ ಗುಣಿಗಳೆಲ್ಲ ತುಂಬಿಹೋದವು. ಊರೆಲ್ಲ ಎಷ್ಟು ಚೆಂದ ಆಯಿತು ಎಂದಿತು. ಅದರಲ್ಲಿ ಏನು ಬರೆದಿತ್ತು ಎಂದು ಓದಿಟ್ಟುಕೊಂಡವರು ಯಾರೂ ಇರಲಿಲ್ಲ.

"ಯಾರೂ ಕೆಟ್ಟವರಲ್ಲ. ಅಪ್ಪ ಉಪವಾಸ ಇದ್ದು ನಿಂತು ಬಳಿಸಿದ. ಮುಂದ ಜೀವನಪೂರ್ತಿ ನಾನು ಬಣ್ಣ ಬಳಿಸೂದ ಮಾಡೀನಿ. ಒಂದು ಗೋಡಿಗೆ ಬಳೀಬ್ಯಾಡ್ರಿ ಅಂತ ಹೇಳಿ ಸಾಯಬೇಕಂತ ಐತಿ" ಎಂದರು. ಆಂಟಿ ಅವರನ್ನು ರೇಗಿಸದೆ ಇನ್ನೊಂದು ರೊಟ್ಟಿ ಹಾಕಿದರು.

ಅಲ್ಲಿ ಚರ್ಚಿನ ಕಟ್ಟಡ ಊರಿನ ಆಸ್ತಿ, ಪುಟ್ಟ ಹಳ್ಳಿಗೂ ಒಬ್ಬ ಮೇಯರ್; ಆ ಊರಿನ ಮೇಯರ್ ಜೊತೆ ವಿಡಿಯೋ ಕಾಲ್ ಬುಕ್ ಮಾಡಿದೆ. ಇಲ್ಲಿ ಸಂಜೆ, ಅಲ್ಲಿ ಬೆಳಗು. ಮೇಯರ್ ಎಂದರೆ ಸೂಟು ಬೂಟು ಎಂದುಕೊಂಡಿದ್ದೆ. ಬೂಟು ಇತ್ತು, ರಬ್ಬರಿನದು. ಹಾಲು ಕರೆದು ನೇರ ಚರ್ಚಿನ ಅಂಗಳಕ್ಕೆ ಬಂದಿದ್ದ ನಡುವಯಸ್ಸಿನ ಹೆಂಗಸು. ಅಂಕಲ್ ಇಸ್ತ್ರಿ ಮಾಡಿದ ಶರ್ಟು, ಹಣೆಗೆ ವಿಭೂತಿ, ಕೈಕಟ್ಟಿ ಕೂತಿದ್ದರು. ಮೇಯರ್ ನಯವಾಗಿಯೇ ಹೇಳಿದಳು: ಗಾರೆಯ ಮೇಸ್ತ್ರಿ ನೋಡಿದ್ದಾನೆ, ಅದು ಹಿಂದೆ ಅಲ್ಲಿದ್ದ ಕಮ್ಮಾರಸಾಲೆಯ ಹೊಗೆ ಕಪ್ಪು, ಲಾಂಛನ ಅಂದದ್ದು ಪಾಚಿಯ ಕಲೆ.

ನಾನು ಅನುವಾದಿಸಿದೆ. ಅಂಕಲ್ ಮುಖ ಕೆಂಪಾಯಿತು, ದನಿ ಏರಲಿಲ್ಲ. "ಹೊಗಿಗೆ ಅಂಚು ಇರೂದಿಲ್ಲ ಅಂತ ಹೇಳು. ಇದರ ಕೆಳಗಿನ ಅಂಚು ದಾರ ಹಿಡದು ಎಳದಂಗ ಐತಿ."

ಹಾಗಾದರೆ ಡಾಂಬರು ಇರಬಹುದು, ಯಾರೋ ನೀರು ಇಳಿಯದಿರಲೆಂದು ಬಳಿದಿರಬಹುದು ಎಂದಳು ಆಕೆ.

"ಡಾಂಬರಾದ್ರ ನೀರಿಳಿಯೋ ಕಡೆ ಅಷ್ಟೇ ಇರ್ತೈತಿ. ಗೌಡ್ರದಾದ್ರ ಗುಡಿ ಸುತ್ತಾ ಇರ್ತೈತಿ, ಅದೇ ಎತ್ತರಕ್ಕ. ಒಂದು ಸುತ್ತು ಹಾಕಾಕ ಹೇಳು. ಇನ್ನೊಂದು ತುಂಡು ಸಿಗಲಿಲ್ಲಂದ್ರ ನಾ ಬಾಯಿ ಮುಚ್ಚತೀನಿ, ಗಾರಿ ಬಳಕೊಳ್ಳಲಿ."

ಆಕೆ ನಕ್ಕು ಫೋನು ಎತ್ತಿಕೊಂಡಳು. "ಗುಡಿ ಬಲಕ್ಕ ಇರಲಿ ಅನ್ನು" ಎಂದರು ಅಂಕಲ್.

"ಬಣ್ಣ ಹುಡುಕೋಕೆ ಯಾವ ಕಡೆಯಿಂದ ಹೋದರೇನು ಅಂಕಲ್?"

"ಬಣ್ಣಕ್ಕಲ್ಲ. ನೀ ಹೇಳು."

ಹೇಳಿದೆ. ಮೇಯರ್ ಯಾಕೆಂದು ಕೇಳದೆ ಬಲಕ್ಕೆ ಇಟ್ಟುಕೊಂಡು ಹೊರಟಳು. ತೆರೆಯ ಮೇಲೆ ಒಮ್ಮೆ ಆಕಾಶ, ಒಮ್ಮೆ ತುರಿಕೆ ಸೊಪ್ಪು, ಒಮ್ಮೆ ಆಕೆಯ ಬೂಟು. ಹಿಂದಿನ ಗೋಡೆಯಲ್ಲಿ ಏನೂ ಇಲ್ಲ. ದಕ್ಷಿಣದ ಗೋಡೆಗೆ ಯಾವಾಗಲೋ ಸಿಮೆಂಟು ಮೆತ್ತಿದ್ದರು. ಆಂಟಿ ಅಡುಗೆಮನೆಯ ಬಾಗಿಲಿಗೆ ಬಂದು ಸೆರಗಿನಲ್ಲಿ ಕೈ ಒರೆಸುತ್ತ ನಿಂತರು. ಗಂಟೆಗೋಪುರದ ಮೂಲೆಗೆ ಬಂದಾಗ, ಮಳೆನೀರಿನ ಪೈಪು ಇಳಿಯುವ ಕಡೆ, ಆಕೆ ನಿಂತಳು. ಪೈಪಿನ ಹಿಂದೆ, ಯಾವ ಮೇಸ್ತ್ರಿಯ ಕರಣೆಯೂ ತಲುಪದ ಸಂದಿಯಲ್ಲಿ, ಅಂಗೈ ಅಗಲದ ಕಪ್ಪು. ಅದರ ಕೆಳಗಿನ ಅಂಚು ನೇರ. ಅಂಚಿಗೆ ತಾಗಿ ಗುರಾಣಿಯ ಒಂದು ಮೂಲೆ, ಕೆಂಪು. ಆಕೆ ಕೈ ಮೇಲೆತ್ತಿ ಎತ್ತರ ನೋಡಿದಳು. ಆಮೇಲೆ ಹೇಳಿದಳು, ತಾನು ಹುಟ್ಟಿದ್ದು ಇದೇ ಊರಿನಲ್ಲಿ, ಈ ಚರ್ಚನ್ನು ಪೂರ್ತಿ ಸುತ್ತಿದ್ದು ಇವತ್ತೇ ಎಂದು.

ಊರ ಸಭೆ ಸೇರಿ, ಪಟ್ಟಿ ಇರುವಷ್ಟು ಗೋಡೆಯನ್ನು ಹಾಗೇ ಬಿಟ್ಟು ಉಳಿದದ್ದಕ್ಕೆ ಗಾರೆ ಬಳಿಸಿತು. ಫೋಟೋ ಬಂದ ದಿನ ಅಂಕಲ್ ಇಡೀ ಬ್ಲಾಕಿಗೆ ಪೇಡೆ ಹಂಚಿದರು. ಎದುರು ಮನೆಯ ಚೀನೀ ಅಜ್ಜಿ, ಮೊಮ್ಮಗ ಹುಟ್ಟಿದನೇ ಎಂದು ಕೇಳಿದರೆ, ಫ್ರಾನ್ಸಿನಲ್ಲಿ ಒಂದು ಗೋಡೆ ಉಳಿಯಿತು ಎಂದು ಫೋಟೋ ತೋರಿಸಿದರು. ಅಜ್ಜಿ ಪೇಡೆ ತಿಂದು, ಗೋಡೆ ನೋಡಿ, ಹೆಬ್ಬೆರಳೆತ್ತಿ ಹೋದರು. ಮುಂದಿನ ಬೇಸಿಗೆಗೆ ಆಂಟಿಯನ್ನು ಕರೆದುಕೊಂಡು ಅಲ್ಲಿಗೆ ಹೋಗಬೇಕೆಂದು ಟಿಕೆಟ್ ನೋಡುತ್ತಲೇ ಇದ್ದರು. ಅಷ್ಟರಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಸೋಫಾದ ಮೇಲೆ ಒರಗಿದವರು ಏಳಲಿಲ್ಲ. ನನಗೆ ಇವತ್ತಿಗೂ ಶನಿವಾರ ಬಂದರೆ ಏನು ಮಾಡಬೇಕೆಂದು ತೋಚುವುದಿಲ್ಲ. ಅಳು ಬರುತ್ತದೆ, ಸಿಟ್ಟೂ ಬರುತ್ತದೆ.

ಮೇಯರಿಗೆ ವಿಷಯ ತಿಳಿಸಿದೆ. ಮರುದಿನ ಆಕೆಯೇ ಕರೆ ಮಾಡಿ ಒಂದು ಮಾತು ಕೇಳಿದಳು. ಸತ್ತ ಒಡೆಯನಿಗಾಗಿ ಚರ್ಚಿನ ಸುತ್ತ ಕಪ್ಪು ಪಟ್ಟಿ ಬಳಿಯುವ ಹಕ್ಕನ್ನು ಕ್ರಾಂತಿಯಲ್ಲಿ ಹಿಂದಿನವರೇ ರದ್ದು ಮಾಡಿದ್ದರು. ಒಂದು ದಿನದ ಮಟ್ಟಿಗೆ, ಅಂಕಲ್ ಅವರಿಗಾಗಿ, ಅದನ್ನು ವಾಪಸ್ ತರಬೇಕೆಂದು ಊರಿನವರು ಅನ್ನುತ್ತಿದ್ದಾರೆ. ಬಣ್ಣ ಬಳಿಯುವುದಿಲ್ಲ, ಕರೀ ಬಟ್ಟೆ ಸುತ್ತುತ್ತೇವೆ, ಮನೆಯವರ ಒಪ್ಪಿಗೆ ಬೇಕು.

ನಾನು ಆಂಟಿಗೆ ಹೇಳಿದೆ. ಅವರು, "ಕರೀದು ಬ್ಯಾಡ ಅನ್ನು. ಶಿವನ ಹತ್ರ ಹೋದವರಿಗೆ ಕರೀದು ಯಾಕ? ವಿಭೂತಿ ಬಣ್ಣದ್ದು ಕಟ್ಟಲಿ" ಎಂದರು.

ಭಾನುವಾರ ಕರೆ ಬಂತು. ಆಂಟಿ, ನಾನು, ಅವರ ಮಗ ಮೂವರೂ ಫೋನಿನ ಮುಂದೆ ಕೂತೆವು. ಕಲ್ಲಿನ ಚರ್ಚಿನ ಸುತ್ತ, ಹಳೇ ಪಟ್ಟಿಯ ಎತ್ತರಕ್ಕೇ, ಬೆಳ್ಳನೆಯ ಬಟ್ಟೆ. ಉತ್ತರದ ಗೋಡೆ, ಹಿಂದಿನ ಗೋಡೆ, ದಕ್ಷಿಣದ ಬಾಗಿಲ ನೆತ್ತಿ, ಗೋಪುರ, ಎಲ್ಲೂ ತುಂಡಾಗದೆ ಒಂದೇ ಸುತ್ತು. ಊರಿನವರು ಟೋಪಿ ತೆಗೆದು ಅಂಗಳದಲ್ಲಿ ನಿಂತಿದ್ದರು. ಆಂಟಿ ಕಣ್ಣರಳಿಸಿ ನೋಡಿ, ಸಂಸಾರಸ್ಥೆ ಕೇಳುವ ಮಾತನ್ನೇ ಕೇಳಿದರು: "ಅಷ್ಟು ಉದ್ದ ಬಟ್ಟಿ ಎಲ್ಲಿ ಸಿಕ್ತಂತ ಕೇಳು ತಂಗಿ."

ಕೇಳಿದೆ. ಎಲ್ಲಿಯೂ ಸಿಗಲಿಲ್ಲ ಎಂದಳು ಮೇಯರ್. ಪೇಟೆಯ ಅಂಗಡಿಯಲ್ಲೂ ಇರಲಿಲ್ಲ. ಅದಕ್ಕೆ ಊರಿನ ಪ್ರತಿ ಮನೆಯವರೂ ಒಂದೊಂದು ಬಿಳಿ ಬೆಡ್‌ಶೀಟ್ ತಂದುಕೊಟ್ಟರು. ಶಾಲೆಯ ಕೋಣೆಯಲ್ಲಿ ಕೂತು ಹರಿದು ಉದ್ದಕ್ಕೆ ಹೊಲಿದರು.

ಆಂಟಿಗೆ ಹೇಳಿದೆ. ಅಂಕಲ್ ಹೋದ ದಿನದಿಂದ ಯಾರೆದುರೂ ಕಣ್ಣೀರು ಹಾಕದೆ, ಬಂದವರಿಗೆಲ್ಲ ಚಹಾ ಮಾಡಿಕೊಟ್ಟು ಗಟ್ಟಿಯಾಗಿ ನಿಂತಿದ್ದ ಹೆಂಗಸು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುಖದ ಹತ್ತಿರ ತಂದರು.

"ಮನಿಗೊಂದು ಕೊಟ್ರಂತ?"

"ಹೌದು ಆಂಟಿ, ಮನೆಗೊಂದು."

"ಆ ಊರಾಗ ಒಂದು ಮನಿಗೂ ಇವರು ಹೋಗಿದ್ದಿಲ್ಲಲ್ಲ ತಂಗಿ" ಎಂದು ಬಿಕ್ಕಿದರು.